ಡುನೆಡಿನ್‌ನ 38 ಜನ: ಗಾಂಜಾ ಬಿಟ್ಟರೆ ತಲೆ ಮೊದಲಿನ ಹಾಗೆ ಆಗುತ್ತಾ?

ಹೋದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಈಗ ಅವನಿಗೆ 22. ಕಾಲೇಜಿನಲ್ಲಿದ್ದಾಗ ಚೆನ್ನಾಗಿ ಶಟಲ್ ಆಡುತ್ತಿದ್ದ, ಜಿಲ್ಲಾ ಮಟ್ಟದ ತನಕ ಹೋಗಿದ್ದ. ಕಾಫಿ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಸುಮ್ಮನೆ ಕೂತಿದ್ದ. ಕಾಫಿ ಆರಿ ಕೆನೆ ಕಟ್ಟಿತು. ಆಮೇಲೆ ಕೇಳಿದ:

"ಮೇಡಂ, ಗಾಂಜಾ ಬಿಟ್ಟು ಆರು ದಿನ ಆಯ್ತು. ತಲೆ ಇನ್ನೂ ಮಂದವಾಗೇ ಇದೆ. ಶಟಲ್ ಆಡೋಕೆ ಹೋದ್ರೆ ಕಾಕ್ ಬರೋದು ಕಾಣುತ್ತೆ, ಕೈ ಮಾತ್ರ ತಡವಾಗಿ ಹೋಗುತ್ತೆ. ಇದು ಸರಿ ಹೋಗುತ್ತಾ, ಇಲ್ಲ ಇನ್ನು ಹಿಂಗೇನಾ?"

ಮೊದಲ ಪಿಯುಸಿಯಲ್ಲಿ, 16ನೇ ವಯಸ್ಸಿಗೆ ಶುರು ಮಾಡಿದ್ದಂತೆ. ಮೊದಲು ವಾರಕ್ಕೊಮ್ಮೆ, ಕಳೆದ ಮೂರು ವರ್ಷದಿಂದ ದಿನಾ. ಮನೆಯಲ್ಲಿ ಗೊತ್ತಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತೆ ಅನ್ನೋ ಭಯ. ಅದಕ್ಕೇ ನನ್ನ ಹತ್ತಿರ ಬಂದಿದ್ದ.

ನಾನು ಮನಶ್ಶಾಸ್ತ್ರ ಪಾಠ ಮಾಡುವವಳು, ಡಾಕ್ಟರ್ ಅಲ್ಲ. ಆದರೆ ಅವನ ಪ್ರಶ್ನೆಗೆ ಸುತ್ತಲಿನವರು ಕೊಡುವ ಉತ್ತರಗಳು ನನಗೆ ಗೊತ್ತು. "ಏನೂ ಆಗಲ್ಲ, ಸೊಪ್ಪು ತಾನೇ" ಅನ್ನುವವರು ಒಂದು ಕಡೆ. "ಮಿದುಳು ಸುಟ್ಟು ಹೋಗುತ್ತೆ, ಮುಗೀತು ಕಥೆ" ಅಂತ ಹೆದರಿಸುವವರು ಇನ್ನೊಂದು ಕಡೆ. ಆರು ದಿನ ತಡೆದುಕೊಂಡು ಕೂತ ಹುಡುಗನಿಗೆ ಈ ಎರಡರಲ್ಲಿ ಯಾವುದನ್ನು ಹೇಳಿದರೂ ಅವನು ಏಳನೇ ದಿನ ಮತ್ತೆ ಸೇದುತ್ತಾನೆ. ಏನೂ ಆಗಲ್ಲ ಅಂದರೆ ಬಿಡೋದು ಯಾಕೆ? ಎಲ್ಲ ಹೋಯಿತು ಅಂದರೂ ಬಿಡೋದು ಯಾಕೆ?

ಅವತ್ತು ಅವನಿಗೆ ನಾನು ಹೇಳಿದ್ದು ನ್ಯೂಜಿಲೆಂಡಿನ ಒಂದು ಊರಿನ ಕಥೆ. ಅದನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲಿನ ತೂಕ ಗೊತ್ತಿದ್ದ ಊರು

ಡುನೆಡಿನ್ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಆಗ್ನೇಯ ಕರಾವಳಿಯಲ್ಲಿರುವ ಊರು. ಬಂದರು, ಗುಡ್ಡ, ಒಟಾಗೊ ವಿಶ್ವವಿದ್ಯಾಲಯ. 1972ರ ಏಪ್ರಿಲ್‌ನಿಂದ 1973ರ ಮಾರ್ಚ್ ತನಕ ಅಲ್ಲಿನ ಕ್ವೀನ್ ಮೇರಿ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಲ್ಲಿ 1037 ಮಕ್ಕಳನ್ನು ಸಂಶೋಧಕರು ಮೂರನೇ ವಯಸ್ಸಿನಿಂದ ಹಿಂಬಾಲಿಸತೊಡಗಿದರು. 5, 7, 9, 11, 13, 15, 18, 21, 26, 32, 38 ಮತ್ತು 45ನೇ ವಯಸ್ಸಿನಲ್ಲಿ ಅವರನ್ನು ಕರೆಸಿ ಪರೀಕ್ಷೆ ಮಾಡಿದರು. ಯಾರೋ ಲಂಡನ್ನಿಗೆ ಹೋಗಿ ನೆಲೆಸಿದ್ದರೆ ವಿಮಾನದ ಟಿಕೆಟ್ ಕೊಟ್ಟು ಡುನೆಡಿನ್‌ಗೇ ಕರೆಸುತ್ತಾರೆ. ಒಂದು ಇಡೀ ದಿನ ಹಲ್ಲು, ರಕ್ತ, ಉಸಿರು, ನೆನಪು, ನಡಿಗೆ, ಎಲ್ಲ ನೋಡುತ್ತಾರೆ. 38ನೇ ವಯಸ್ಸಿನ ಸುತ್ತಿಗೆ ಬದುಕಿದ್ದವರಲ್ಲಿ ನೂರಕ್ಕೆ 95ರಷ್ಟು ಜನ ಬಂದಿದ್ದರು. ಇಷ್ಟು ವರ್ಷ ನಡೆದ ಅಧ್ಯಯನದಲ್ಲಿ ಇಷ್ಟು ಜನ ಉಳಿಯೋದು ತೀರಾ ಅಪರೂಪ.

ಗಾಂಜಾದ ವಿಷಯಕ್ಕೆ ಈ ಊರೇ ಯಾಕೆ? ಒಬ್ಬನ ತೂಕ ಇಳಿದಿದೆಯಾ ಅಂತ ಹೇಳಬೇಕಾದರೆ ಮೊದಲಿನ ತೂಕ ಗೊತ್ತಿರಬೇಕಲ್ವಾ? ಗಾಂಜಾ ಸೇದುವವರ ಮೇಲೆ ನಡೆದ ಬಹುಪಾಲು ಅಧ್ಯಯನಗಳಲ್ಲಿ ಆ ಮೊದಲಿನ ತೂಕವೇ ಇರಲಿಲ್ಲ. ಸೇದುವವರನ್ನು ಒಂದು ಕಡೆ, ಸೇದದವರನ್ನು ಇನ್ನೊಂದು ಕಡೆ ಕೂರಿಸಿ ಹೋಲಿಸುತ್ತಿದ್ದರು. ಸೇದುವವರು ಹಿಂದೆ ಬಿದ್ದರೆ ಗಾಂಜಾದಿಂದಲೋ, ಮೊದಲೇ ಹಾಗಿದ್ದರೋ ಹೇಳೋಕೆ ಆಗುತ್ತಿರಲಿಲ್ಲ. ಡುನೆಡಿನ್‌ನಲ್ಲಿ ಹಾಗಲ್ಲ. 7ರಿಂದ 13ನೇ ವಯಸ್ಸಿನೊಳಗೆ, ಅಂದರೆ ಹೆಚ್ಚುಕಡಿಮೆ ಯಾರೂ ಗಾಂಜಾ ಮುಟ್ಟುವ ಮೊದಲೇ, ಮಕ್ಕಳ ಐಕ್ಯೂ (ಬುದ್ಧಿಶಕ್ತಿಯ ಅಂಕ) ಅಳೆದು ಬರೆದಿಟ್ಟಿದ್ದರು. 18ರಿಂದ ಪ್ರತಿ ಸುತ್ತಿನಲ್ಲೂ ಗಾಂಜಾದ ಬಗ್ಗೆ ಕೇಳಿದ್ದರು. 38ಕ್ಕೆ ಮತ್ತೆ ಐಕ್ಯೂ ಅಳೆದರು.

ಲೆಕ್ಕ ಹೊರಬಿದ್ದಿದ್ದು 2012ರ ಆಗಸ್ಟ್‌ನಲ್ಲಿ, ಒಂದು ವಿಜ್ಞಾನ ಪತ್ರಿಕೆಯಲ್ಲಿ. ಬರೆದವರು ಮ್ಯಾಡೆಲೀನ್ ಮೈಯರ್ ಮತ್ತು ಸಂಗಡಿಗರು. ಗಾಂಜಾ ಮುಟ್ಟದವರ ಐಕ್ಯೂ 13ರಿಂದ 38ಕ್ಕೆ ಒಂದಿಷ್ಟೂ ಇಳಿದಿರಲಿಲ್ಲ, ಸ್ವಲ್ಪ ಏರಿಯೇ ಇತ್ತು. ಮೂರು ಅಥವಾ ಅದಕ್ಕಿಂತ ಜಾಸ್ತಿ ಸುತ್ತುಗಳಲ್ಲಿ ಗಾಂಜಾ ಚಟಕ್ಕೆ ಬಿದ್ದಿದ್ದಾರೆ ಅಂತ ಕಂಡುಬಂದವರು 38 ಜನ. ಅವರ ಸರಾಸರಿ ಐಕ್ಯೂ ಸುಮಾರು 6 ಅಂಕ ಇಳಿದಿತ್ತು. ಅವರಲ್ಲೇ ಹದಿಹರೆಯದಲ್ಲಿ ಶುರು ಮಾಡಿದವರದು ಸುಮಾರು 8 ಅಂಕ.

8 ಅಂಕ ಅಂದರೆ ಎಷ್ಟು? ನೂರು ಜನರನ್ನು ಸಾಲಾಗಿ ನಿಲ್ಲಿಸಿ ಹಿಂದಿನಿಂದ ಎಣಿಸಿದರೆ ನಡುವೆ, 50ನೇ ಜಾಗದಲ್ಲಿ ನಿಂತವನು 29ನೇ ಜಾಗಕ್ಕೆ ಸರಿದ ಹಾಗೆ. ಅವನೇನೂ ದಡ್ಡನಾಗಿಬಿಡೋದಿಲ್ಲ. ಅಂಗಡಿ ನಡೆಸುತ್ತಾನೆ, ಮದುವೆಯಾಗುತ್ತಾನೆ, ಹಬ್ಬಕ್ಕೆ ಊರಿಗೆ ಬರುತ್ತಾನೆ. ಆದರೆ ಅವನಿಗಿಂತ ಹಿಂದೆ ಇದ್ದ 21 ಜನ ಈಗ ಮುಂದೆ ಇದ್ದಾರೆ.

ನನಗೆ ಈ ಅಂಕಗಳಿಗಿಂತ ಮನಸ್ಸಿಗೆ ತಟ್ಟಿದ್ದು ಬೇರೆ ಒಂದು ವಿವರ. ಸಂಶೋಧಕರು ಇವರನ್ನು ಚೆನ್ನಾಗಿ ಬಲ್ಲ ಸ್ನೇಹಿತರಿಗೆ, ಮನೆಯವರಿಗೆ ಅಂಚೆಯಲ್ಲಿ ಪ್ರಶ್ನೆಗಳನ್ನು ಕಳಿಸಿದ್ದರು. ಗಮನ ಬೇಗ ಚದುರುತ್ತಾ? ಪರ್ಸು, ಕೀ, ಕನ್ನಡಕ ಎಲ್ಲೋ ಇಟ್ಟು ಹುಡುಕುತ್ತಾರಾ? ಫೋನ್ ಮಾಡಿದವರಿಗೆ ವಾಪಸ್ ಮಾಡೋಕೆ, ಬಿಲ್ ಕಟ್ಟೋಕೆ ಮರೆಯುತ್ತಾರಾ? ವರ್ಷಗಟ್ಟಲೆ ಗಾಂಜಾ ಸೇದಿದವರ ಹತ್ತಿರದವರು ಇಂಥ ತೊಂದರೆ ಜಾಸ್ತಿ ಇದೆ ಅಂತ ಬರೆದರು. ಪರೀಕ್ಷೆಯ ಕೋಣೆಯಲ್ಲಿ ಸಿಕ್ಕಿದ್ದು ಮನೆಯಲ್ಲೂ ಕಾಣಿಸುತ್ತಿತ್ತು.

ಇನ್ನು ಬಿಟ್ಟವರ ವಿಷಯ. ನನ್ನ ಹುಡುಗನ ಪ್ರಶ್ನೆ ಇದೇ ಅಲ್ವಾ? ದೊಡ್ಡವರಾದ ಮೇಲೆ ಶುರು ಮಾಡಿ, ಆಮೇಲೆ ಬಿಟ್ಟವರಲ್ಲಿ ಅಥವಾ ತೀರಾ ಕಡಿಮೆ ಮಾಡಿದವರಲ್ಲಿ 38ನೇ ವಯಸ್ಸಿಗೆ ಐಕ್ಯೂ ಇಳಿದಿದ್ದು ಕಾಣಲಿಲ್ಲ. ಹದಿಹರೆಯದಲ್ಲಿ ಶುರು ಮಾಡಿ ವರ್ಷಗಟ್ಟಲೆ ಸೇದಿದವರಲ್ಲಿ, ಪರೀಕ್ಷೆಗೆ ಮುಂಚಿನ ಒಂದು ವರ್ಷ ಬಿಟ್ಟಿದ್ದರೂ ಕಡಿಮೆ ಮಾಡಿದ್ದರೂ, ಇಳಿದಿದ್ದು ಪೂರ್ತಿ ವಾಪಸ್ ಬಂದಿರಲಿಲ್ಲ.

ಈ ಮಾತು ಹೇಳುವಾಗ ನಾನು ಅವನ ಮುಖ ನೋಡಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ

ಐದೇ ತಿಂಗಳಿಗೆ, 2013ರ ಜನವರಿಯಲ್ಲಿ, ಓಲೆ ರೋಗೆಬರ್ಗ್ ಅನ್ನುವ ನಾರ್ವೆಯ ಅರ್ಥಶಾಸ್ತ್ರಜ್ಞ ಅದೇ ಪತ್ರಿಕೆಯಲ್ಲಿ ತಕರಾರು ಎತ್ತಿದರು. ಬಡ ಮನೆಯ ಮಕ್ಕಳ ಐಕ್ಯೂ ಶಾಲೆಯಲ್ಲಿ ಇರುವಷ್ಟು ದಿನ ಏರುತ್ತೆ, ಶಾಲೆ ಬಿಟ್ಟು ಸಣ್ಣಪುಟ್ಟ ಕೆಲಸಕ್ಕೆ ಸೇರಿದ ಮೇಲೆ ಇಳಿಯಬಹುದು. ಗಾಂಜಾಕ್ಕೆ ಬೀಳುವವರಲ್ಲೂ ಅಂಥ ಮನೆಯ ಮಕ್ಕಳೇ ಜಾಸ್ತಿ ಇದ್ದರೆ, ನೀವು ಗಾಂಜಾದ್ದು ಅಂದುಕೊಂಡ ಇಳಿಕೆ ಬಡತನದ್ದೇ ಆಗಿರಬಹುದಲ್ಲ ಅಂದರು. ಡುನೆಡಿನ್‌ನವರು ಮಧ್ಯಮ ವರ್ಗದ ಮನೆಯವರನ್ನಷ್ಟೇ ಬೇರೆ ಮಾಡಿ ಮತ್ತೆ ಲೆಕ್ಕ ಹಾಕಿದರು. ಇಳಿಕೆ ಅಲ್ಲೂ ಇದೆ ಅಂದರು.

ಇದಕ್ಕಿಂತ ಗಟ್ಟಿ ತಕರಾರು ಬಂದಿದ್ದು ಅವಳಿ ಮಕ್ಕಳಿಂದ. ಅವಳಿಗಳು ಒಂದೇ ಮನೆಯಲ್ಲಿ, ಒಂದೇ ಊಟ ಉಂಡು, ಒಂದೇ ಅಪ್ಪ ಅಮ್ಮನ ಹತ್ತಿರ ಬೈಸಿಕೊಂಡು ಬೆಳೆಯುತ್ತಾರೆ. ಒಬ್ಬ ಸೇದಿ ಇನ್ನೊಬ್ಬ ಸೇದದಿದ್ದರೆ ಅವರಿಬ್ಬರ ನಡುವಿನ ವ್ಯತ್ಯಾಸಕ್ಕೆ ಮನೆಯನ್ನು ದೂರೋಕೆ ಆಗಲ್ಲ. 2016ರಲ್ಲಿ ಅಮೆರಿಕದ ಎರಡು ಅವಳಿ ಅಧ್ಯಯನಗಳನ್ನು ಸೇರಿಸಿ ನೋಡಿದರು, 3000ಕ್ಕೂ ಜಾಸ್ತಿ ಮಕ್ಕಳು. ಹದಿಹರೆಯದಲ್ಲಿ ಸೇದಿದ ಅವಳಿಯ ಐಕ್ಯೂ, ಸೇದದ ತನ್ನ ಒಡಹುಟ್ಟಿಗಿಂತ ಜಾಸ್ತಿಯೇನೂ ಇಳಿದಿರಲಿಲ್ಲ. 2018ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅವಳಿಗಳನ್ನು 18ನೇ ವಯಸ್ಸಿನವರೆಗೆ ನೋಡಿದಾಗಲೂ ಹಾಗೇ ಕಂಡಿತು. ಆ ಲೇಖನವನ್ನು ಮುಂದೆ ನಿಂತು ಬರೆದವರು ಇದೇ ಮೈಯರ್. ತಮ್ಮ ಹಳೆಯ ಮಾತಿಗೆ ಪೂರ್ತಿ ಹೊಂದದ ಫಲಿತಾಂಶವನ್ನೂ ಅವರೇ ಮುಂದಿಟ್ಟರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಇಲ್ಲಿ.

ಹಾಗಾದರೆ ಯಾರದು ಸರಿ? ನನಗನಿಸುವ ಮಟ್ಟಿಗೆ ಇವು ಬೇರೆ ಬೇರೆ ಪ್ರಶ್ನೆಗೆ ಸಿಕ್ಕ ಉತ್ತರಗಳು. ಅವಳಿಗಳನ್ನು ನೋಡಿದ್ದು ಹದಿನೆಂಟು ಇಪ್ಪತ್ತರ ಆಸುಪಾಸಿನ ತನಕ ಮಾತ್ರ. ಎರಡು ಮೂರು ವರ್ಷ ಸೇದಿದವರ ಲೆಕ್ಕ ಅದು. ಡುನೆಡಿನ್‌ನ 38 ಜನ ಸೇದಿದ್ದು ಹತ್ತಿಪ್ಪತ್ತು ವರ್ಷ. ಕಾಲೇಜಿನಲ್ಲಿ ಕೆಲವು ತಿಂಗಳು ಸೇದಿ ಬಿಟ್ಟವನಿಗೆ 8 ಅಂಕ ಹೋಯಿತು ಅಂತ ಹೆದರಿಸೋದು ತಪ್ಪು. ಇಪ್ಪತ್ತು ವರ್ಷ ಸೇದಿದವನಿಗೆ ಏನೂ ಆಗಲ್ಲ ಅನ್ನೋದೂ ತಪ್ಪು.

2022ರಲ್ಲಿ 45ನೇ ವಯಸ್ಸಿನ ಲೆಕ್ಕ ಬಂತು. ವರ್ಷಗಟ್ಟಲೆ ಸೇದಿದವರ ಐಕ್ಯೂ ಬಾಲ್ಯಕ್ಕಿಂತ ಸರಾಸರಿ 5.5 ಅಂಕ ಇಳಿದಿತ್ತು. ಹೊಸದನ್ನು ಕಲಿಯೋದು, ಬೇಗ ಬೇಗ ಯೋಚಿಸೋದು, ಇವೆರಡರಲ್ಲೂ ಹಿಂದೆ ಬಿದ್ದಿದ್ದರು. ಈ ಸಲ ವರ್ಷಗಟ್ಟಲೆ ಬೀಡಿ ಸಿಗರೇಟು ಸೇದಿದವರನ್ನು, ಕುಡಿತಕ್ಕೆ ಬಿದ್ದವರನ್ನೂ ಪಕ್ಕಕ್ಕೆ ಇಟ್ಟು ನೋಡಿದರು. ತಂಬಾಕಿನವರ ಇಳಿಕೆ 1.5, ಕುಡಿತದವರದು 0.5. ಗಾಂಜಾದವರದು ಅದಕ್ಕಿಂತ ಎಷ್ಟೋ ಜಾಸ್ತಿ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಮಿದುಳಿನ ಭಾಗವೂ ಅವರಲ್ಲಿ ಚಿಕ್ಕದಾಗಿತ್ತು. ಆದರೆ ಐಕ್ಯೂ ಇಳಿಯಲು ಆ ಭಾಗ ಚಿಕ್ಕದಾಗಿದ್ದೇ ಕಾರಣ ಅಂತ ಲೆಕ್ಕದಲ್ಲಿ ಹೊಂದಲಿಲ್ಲ. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ.

ಆರನೇ ದಿನದ ತಲೆ

ಡುನೆಡಿನ್ ಹೇಳೋದು ವರ್ಷಗಳ ಮಾತು. ನನ್ನ ಮುಂದೆ ಕೂತವನದು ದಿನಗಳ ಮಾತು. ಬಿಟ್ಟ ಆರನೇ ದಿನ ತಲೆ ಯಾಕೆ ಹಾಗಿರುತ್ತೆ ಅನ್ನೋದಕ್ಕೆ ಅಮೆರಿಕದ ಬಾಸ್ಟನ್ ಹತ್ತಿರದ ಮೆಕ್ಲೀನ್ ಆಸ್ಪತ್ರೆಗೆ ಹೋಗಬೇಕು.

ಅಲ್ಲಿ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 30ರಿಂದ 55 ವರ್ಷದವರು. ಬದುಕಿನಲ್ಲಿ ಕಡಿಮೆ ಅಂದರೂ 5000 ಸಲ ಗಾಂಜಾ ಸೇದಿ, ಈಗಲೂ ದಿನಾ ಸೇದುತ್ತಿದ್ದ 63 ಜನ. ಹಿಂದೆ ಹಾಗೇ ಸೇದಿ ಈಗ ಹೆಚ್ಚುಕಡಿಮೆ ಬಿಟ್ಟಿದ್ದ 45 ಜನ. ಮುಟ್ಟಿಯೂ ಮುಟ್ಟದಂತಿದ್ದ 72 ಜನ. ಎಲ್ಲರೂ 28 ದಿನ ಪೂರ್ತಿ ಬಿಡಬೇಕು. ಕದ್ದು ಸೇದಿದರೆ ಗೊತ್ತಾಗಲಿ ಅಂತ ಮೂತ್ರ ಪರೀಕ್ಷೆ. ಬಿಟ್ಟ ದಿನ, ಮರುದಿನ, 7ನೇ ದಿನ, 28ನೇ ದಿನ ನೆನಪು, ಗಮನದ ಪರೀಕ್ಷೆಗಳು.

ಮೊದಲ ದಿನಗಳಲ್ಲಿ ಮತ್ತು 7ನೇ ದಿನದಲ್ಲಿ ದಿನಾ ಸೇದುತ್ತಿದ್ದವರು ಪದಗಳ ಪಟ್ಟಿ ನೆನಪಿಟ್ಟುಕೊಳ್ಳೋದರಲ್ಲಿ ಸ್ಪಷ್ಟವಾಗಿ ಹಿಂದೆ ಇದ್ದರು. 28ನೇ ದಿನಕ್ಕೆ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ.

5000 ಸಲ ಸೇದಿದವರು! ಈ ಭಾಗಕ್ಕೆ ಬಂದಾಗ ಹುಡುಗ ಮೊದಲ ಸಲ ಕಾಫಿ ಕುಡಿದ.

ಇಲ್ಲಿ ಒಂದು ಕೊಕ್ಕೆ ಇದೆ. ಅದನ್ನೂ ಅವನಿಗೆ ಹೇಳಿದೆ. ಎರಡು ವರ್ಷದ ನಂತರ ಪೋಪ್ ಅದೇ ಜನರ ಲೆಕ್ಕವನ್ನು ಶುರು ಮಾಡಿದ ವಯಸ್ಸಿನ ಪ್ರಕಾರ ಬೇರೆ ಮಾಡಿ ನೋಡಿದರು. 17 ತುಂಬುವ ಮೊದಲೇ ಶುರು ಮಾಡಿದವರು 28 ದಿನದ ನಂತರವೂ ಕೆಲವು ಪರೀಕ್ಷೆಗಳಲ್ಲಿ, ಮುಖ್ಯವಾಗಿ ಭಾಷೆಗೆ ಸಂಬಂಧಿಸಿದವುಗಳಲ್ಲಿ, ಹಿಂದೆ ಇದ್ದರು. ಚಿಕ್ಕ ವಯಸ್ಸಿನ ಗಾಂಜಾ ಮಾಡಿದ ಕೆಲಸವೋ, ಆ ವಯಸ್ಸಲ್ಲಿ ಓದು ತಪ್ಪಿದ್ದರಿಂದಲೋ, ಮೊದಲಿಂದಲೇ ಹಾಗಿದ್ದರೋ, ಆ ಅಧ್ಯಯನದಿಂದ ಬಿಡಿಸೋಕೆ ಆಗಲ್ಲ ಅಂತ ಅವರೇ ಬರೆದರು. ಮೊದಲಿನ ತೂಕ ಅವರ ಹತ್ತಿರವೂ ಇರಲಿಲ್ಲ.

ಚಿಕ್ಕ ವಯಸ್ಸಿನವರ ಬಗ್ಗೆ ಇನ್ನೊಂದು ಒಳ್ಳೆಯ ಸುದ್ದಿ 2018ರಲ್ಲಿ ಬಂತು, ಬಾಸ್ಟನ್ನಿನಿಂದಲೇ. 16ರಿಂದ 25 ವರ್ಷದ 88 ಜನ. ಒಂದು ಗುಂಪಿಗೆ ಒಂದು ತಿಂಗಳು ಬಿಟ್ಟರೆ ದುಡ್ಡು ಕೊಡ್ತೀವಿ ಅಂದರು, ಇನ್ನೊಂದು ಗುಂಪು ಎಂದಿನ ಹಾಗೆ ಸೇದುತ್ತಿತ್ತು. ಬಿಟ್ಟವರ ಪದ ಕಲಿಯುವ ಶಕ್ತಿ ಸುಧಾರಿಸಿತು. ಅದರಲ್ಲಿ ಹೆಚ್ಚಿನ ಸುಧಾರಣೆ ಮೊದಲ ವಾರದಲ್ಲೇ. ಸೇದುತ್ತಾ ಇದ್ದವರದು ಹಾಗೇ ಇತ್ತು. ಗಮನದ ಪರೀಕ್ಷೆಯಲ್ಲಿ ಮಾತ್ರ ಎರಡೂ ಗುಂಪು ಒಂದೇ.

ಈ ಪದ ಪಟ್ಟಿಯ ಪರೀಕ್ಷೆ ಹೇಗಿರುತ್ತೆ ಅಂತ ಅವನು ಕೇಳಿದ. ಡೈರಿಯ ಹಾಳೆ ಹರಿದು 15 ಪದ ಬರೆದು, ಒಂದು ಸೆಕೆಂಡಿಗೆ ಒಂದರಂತೆ ಓದಿದೆ. ಕೊಡ, ಮಳೆ, ಗಂಟೆ, ಅಕ್ಕಿ, ಸೇತುವೆ, ಹಗ್ಗ, ನವಿಲು, ಕನ್ನಡಿ, ಬೆಲ್ಲ, ಗಾಡಿ, ಚಿಕ್ಕಪ್ಪ, ದೀಪ, ಕೆರೆ, ಗುಂಡಿ, ಹತ್ತಿ. ನೆನಪಿದ್ದಷ್ಟು ಹೇಳು ಅಂದೆ. ಹೀಗೇ ಐದು ಸಲ. ಐದನೇ ಸಲಕ್ಕೆ ಹತ್ತು ಪದ ಹೇಳಿದ. ಪರವಾಗಿಲ್ಲ. ಆಮೇಲೆ ಅದನ್ನು ಮಡಚಿ ಇಟ್ಟು ಅರ್ಧ ಗಂಟೆ ಬೇರೆ ಮಾತಾಡಿದೆವು. ಮತ್ತೆ ಕೇಳಿದಾಗ "ಕೊಡ, ಮಳೆ, ನವಿಲು, ಬೆಲ್ಲ" ಅಂದ. ನಿಂತ. ಕಿಟಕಿಯ ಕಡೆ ನೋಡಿದ. "ಇನ್ನೊಂದು ಇತ್ತು ಮೇಡಂ, ನಾಲಿಗೆ ತುದೀಲಿದೆ" ಅಂದ. ಬರಲಿಲ್ಲ.

ಮನೆಯ ಸೋಫಾದ ಮೇಲೆ ಮಾಡಿದ್ದನ್ನು ಪರೀಕ್ಷೆ ಅನ್ನೋಕಾಗಲ್ಲ. ಅವನಿಗೆ ನಾಲ್ಕು ರಾತ್ರಿಯಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಊಟ ಸೇರುತ್ತಿರಲಿಲ್ಲ. ವಿಚಿತ್ರ ಕನಸುಗಳು, ಅಮ್ಮನ ಮೇಲೆ ಸುಮ್ಮನೆ ಸಿಡುಕು. ದಿನಾ ಸೇದುವವರು ಬಿಟ್ಟಾಗ ಹೀಗೆ ಆಗೋದು ತೀರಾ ಮಾಮೂಲು. ಮೊದಲ ವಾರದಲ್ಲಿ ಜೋರಾಗಿರುತ್ತೆ, ಎರಡು ವಾರದ ಹೊತ್ತಿಗೆ ಬಹಳ ಜನರಿಗೆ ತಗ್ಗುತ್ತೆ, ನಿದ್ದೆಯ ತೊಂದರೆ ಕೆಲವರಿಗೆ ಇನ್ನಷ್ಟು ದಿನ ಎಳೆಯುತ್ತೆ. ನಾಲ್ಕು ರಾತ್ರಿ ನಿದ್ದೆಗೆಟ್ಟವರಿಗೆ, ಗಾಂಜಾ ಮುಟ್ಟಿಯೇ ಇಲ್ಲದಿದ್ದರೂ, 15 ಪದ ನೆನಪಿರಲ್ಲ. ಈ ವಾರದ ತಲೆಯನ್ನು ನೋಡಿ "ನನ್ನದು ಹೋಯ್ತು" ಅಂತ ತೀರ್ಮಾನಿಸಬೇಡ ಅಂತ ಅವನಿಗೆ ನಾನು ಮೂರು ನಾಲ್ಕು ಸಲ ಹೇಳಿದೆ. ಇಷ್ಟೆಲ್ಲ ಬರೆಯುತ್ತಿರೋದೂ ಆ ಒಂದು ಮಾತಿಗಾಗಿಯೇ. ಎಷ್ಟೋ ಮಕ್ಕಳು ಬಿಡೋದು, ಐದಾರು ದಿನಕ್ಕೆ ತಲೆ ಮಂದ ಅನಿಸೋದು, "ಸೇದಿದಾಗಲೇ ಚೆನ್ನಾಗಿದ್ದೆ" ಅಂದುಕೊಂಡು ಮತ್ತೆ ಹಚ್ಚೋದು. ಅತಿ ಕಷ್ಟದ ವಾರವನ್ನೇ ತಮ್ಮ ನಿಜವಾದ ತಲೆ ಅಂದುಕೊಂಡುಬಿಡುತ್ತಾರೆ.

ಒಳಗೆ ಏನಾಗುತ್ತಿರುತ್ತೆ? ಗಾಂಜಾದ ಮುಖ್ಯ ಮತ್ತಿನ ವಸ್ತು ಟಿಎಚ್‌ಸಿ. ಅದು ಹೋಗಿ ಕೂರುವ ಜಾಗಗಳು ನಮ್ಮ ಮಿದುಳಿನಲ್ಲಿ ಮೊದಲೇ ಇವೆ, ಸಿಬಿ1 ಗ್ರಾಹಕಗಳು ಅಂತ. ಅವು ಇರೋದು ಗಾಂಜಾಕ್ಕಾಗಿ ಅಲ್ಲ. ಮಿದುಳು ತಾನೇ ತಯಾರಿಸುವ ವಸ್ತುಗಳಿಗಾಗಿ. 1992ರಲ್ಲಿ ಅವುಗಳಲ್ಲಿ ಒಂದನ್ನು ಕಂಡುಹಿಡಿದವರು ನಮ್ಮ 'ಆನಂದ' ಅನ್ನುವ ಪದದಿಂದಲೇ ಅದಕ್ಕೆ ಆನಂದಮೈಡ್ ಅಂತ ಹೆಸರಿಟ್ಟರು. ದಿನಾ ಹೊರಗಿನಿಂದ ಟಿಎಚ್‌ಸಿ ಸುರಿಯುತ್ತಿದ್ದರೆ ಮಿದುಳು ಈ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತೆ. 2012ರಲ್ಲಿ ದಿನಾ ಸೇದುವವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಹೊರಪದರದಲ್ಲಿ ಇವು ಸುಮಾರು ನೂರಕ್ಕೆ 20ರಷ್ಟು ಕಡಿಮೆ ಇದ್ದವು. ಸುಮಾರು ನಾಲ್ಕು ವಾರ ಬಿಟ್ಟ ಮೇಲೆ ಬಹುಪಾಲು ಮತ್ತೆ ಏರಿದವು. 2016ರ ಇನ್ನೊಂದು ಸ್ಕ್ಯಾನ್ ಅಧ್ಯಯನದಲ್ಲಿ ಎರಡೇ ದಿನಕ್ಕೆ ಏರಿಕೆ ಶುರುವಾಗಿತ್ತು. ಅಂದರೆ ಹುಡುಗ ನನ್ನ ಮುಂದೆ ಕೂತಿದ್ದಾಗ ಅವನ ತಲೆಯೊಳಗೆ ರಿಪೇರಿ ಕೆಲಸ ನಡೆಯುತ್ತಲೇ ಇತ್ತು. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಳ್ಳುವ ವಸ್ತುವಾದ್ದರಿಂದ ದೇಹದಿಂದ ನಿಧಾನಕ್ಕೆ ಹೊರಗೆ ಹೋಗುತ್ತೆ. ತುಂಬಾ ಸೇದುವವರ ಮೂತ್ರದಲ್ಲಿ ತಿಂಗಳಾದರೂ ಅದರ ಗುರುತು ಸಿಗುವುದುಂಟು.

ಹದಿಹರೆಯದ್ದು ಯಾಕೆ ಬೇರೆ? ಆ ವಯಸ್ಸಿನಲ್ಲಿ ಮಿದುಳು ಇನ್ನೂ ಕಟ್ಟುವ ಹಂತದಲ್ಲಿರುತ್ತೆ. ಬೇಡದ ಕೊಂಡಿಗಳನ್ನು ಕತ್ತರಿಸಿ ಬೇಕಾದವನ್ನು ಗಟ್ಟಿ ಮಾಡುವ ಕೆಲಸ ಇಪ್ಪತ್ತರ ನಡುವಿನವರೆಗೂ ನಡೆಯುತ್ತೆ. ಆ ಕೆಲಸದಲ್ಲಿ ಇದೇ ಆನಂದಮೈಡ್ ವ್ಯವಸ್ಥೆಗೂ ಪಾತ್ರ ಇದೆ. ಗೋಡೆ ಒಣಗುವ ಮೊದಲು ಅಲುಗಾಡಿಸಿದ ಹಾಗೆ.

ಕೈ ತಡವಾಗಿ ಹೋಗುತ್ತೆ

ಅವನು ಹೇಳಿದ ಶಟಲ್ ಮಾತು ನನ್ನನ್ನು ಜಾಸ್ತಿ ಕಾಡಿತು. ನೆನಪಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕೈಕಾಲಿನ ಹೊಂದಾಣಿಕೆಯ ಬಗ್ಗೆ ಕಡಿಮೆ. ತಲೆಯ ಹಿಂಭಾಗದ ಕೆಳಗಿರುವ ಕಿರುಮಿದುಳು ನಮ್ಮ ಚಲನೆಯ ಹೊತ್ತು ಅಳತೆ ನೋಡಿಕೊಳ್ಳುತ್ತೆ. ಕಾಕ್ ಎಲ್ಲಿಗೆ ಬರುತ್ತೆ, ಕೈ ಯಾವಾಗ ಎತ್ತಬೇಕು ಅನ್ನೋದೆಲ್ಲ ಅದರ ಕೆಲಸ. ಅಲ್ಲಿ ಸಿಬಿ1 ಗ್ರಾಹಕಗಳು ದಟ್ಟವಾಗಿವೆ.

ಇದನ್ನು ನೋಡೋಕೆ ಒಂದು ಸರಳ ಉಪಾಯ ಇದೆ. ಒಂದು ಶಬ್ದ ಕೇಳಿಸಿ, ಅದರ ಬೆನ್ನಿಗೇ ಕಣ್ಣಿಗೆ ಗಾಳಿ ಊದುತ್ತಾರೆ. ಕಣ್ಣು ಮಿಟುಕುತ್ತೆ. ಹಾಗೇ ಮಾಡುತ್ತಾ ಹೋದರೆ ಗಾಳಿ ಬರುವ ಮೊದಲೇ, ಶಬ್ದ ಕೇಳಿದ ಸರಿಯಾದ ಹೊತ್ತಿಗೆ, ಕಣ್ಣು ತಾನಾಗೇ ಮುಚ್ಚೋಕೆ ಕಲಿಯುತ್ತೆ. ಕಲಿಸೋದು ಕಿರುಮಿದುಳು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತುಂಬಾ ಗಾಂಜಾ ಸೇದುವವರು ಇದನ್ನು ಕಲಿಯೋದರಲ್ಲಿ ಹಿಂದೆ ಬಿದ್ದರು. ಗಾಳಿ ಬಂದ ಮೇಲೆ ಮಿಟುಕೋದು ಸರಿಯಾಗೇ ಇತ್ತು. ಮೊದಲೇ ಊಹಿಸಿ ಮುಚ್ಚೋದು ತಪ್ಪುತ್ತಿತ್ತು. ಶಟಲ್ ಆಡುವವರಿಗೆ ಈ ವ್ಯತ್ಯಾಸ ಥಟ್ಟನೆ ಅರ್ಥವಾಗುತ್ತೆ.

ನಮ್ಮ ದೇಶದಲ್ಲೂ ಇದರ ಕೆಲಸ ನಡೆದಿದೆ, ಅದೂ ಬಹಳ ಮುಂಚೆ. 1970ರ ದಶಕದಲ್ಲಿ ಚಂಡೀಗಢದಲ್ಲಿ ಎನ್.ಎನ್. ವಿಗ್ ಮತ್ತು ಸಂಗಡಿಗರು ವರ್ಷಗಟ್ಟಲೆ ಭಂಗಿ ಕುಡಿಯುವವರನ್ನು, ಚರಸ್ ಸೇದುವವರನ್ನು ಪರೀಕ್ಷಿಸಿದರು. ಮುಟ್ಟದವರಿಗಿಂತ ಇವರ ಪ್ರತಿಕ್ರಿಯೆ ನಿಧಾನ. ಏಕಾಗ್ರತೆ ಕಡಿಮೆ. ಎಷ್ಟು ಹೊತ್ತು ಕಳೆಯಿತು ಅಂತ ಅಂದಾಜು ಮಾಡೋದರಲ್ಲಿ ತಪ್ಪು. ಕಣ್ಣು ಕಂಡಿದ್ದನ್ನು ಕೈ ಮಾಡಬೇಕಾದ ಕೆಲಸದಲ್ಲೂ ಎಡವಟ್ಟು. ಚರಸ್‌ನವರು ಎಲ್ಲರಿಗಿಂತ ಹಿಂದೆ ಇದ್ದರು.

ಗಾಡಿ ಓಡಿಸುವ ವಿಷಯಕ್ಕೆ ಬಂದರೆ 2020ರಲ್ಲಿ ಅದೇ ಮೆಕ್ಲೀನ್ ಆಸ್ಪತ್ರೆಯಿಂದ ಒಂದು ಅಧ್ಯಯನ ಬಂತು. ತುಂಬಾ ಸೇದುವವರನ್ನು ಅಮಲು ಇಲ್ಲದಿರುವಾಗ, ಕಡಿಮೆ ಅಂದರೂ 12 ಗಂಟೆ ಬಿಡಿಸಿ, ಕಾರಿನಂತೆಯೇ ಇರುವ ಯಂತ್ರದಲ್ಲಿ ಕೂರಿಸಿ ಓಡಿಸಿದರು. ಸೇದದವರಿಗಿಂತ ಇವರ ವೇಗ ಜಾಸ್ತಿ, ಅಪಘಾತ ಜಾಸ್ತಿ, ಕೆಂಪು ದೀಪಕ್ಕೆ ನಿಂತಿದ್ದು ಕಡಿಮೆ. ಶುರು ಮಾಡಿದ ವಯಸ್ಸಿನ ಪ್ರಕಾರ ಬೇರೆ ಮಾಡಿ ನೋಡಿದಾಗ ತೊಂದರೆ ಮುಖ್ಯವಾಗಿ ಕಂಡಿದ್ದು 16 ತುಂಬುವ ಮೊದಲೇ ಶುರು ಮಾಡಿದವರಲ್ಲಿ. ಅದಕ್ಕೆ ಕಾರಣ ಕೈಯ ಅಳತೆ ತಪ್ಪೋದಕ್ಕಿಂತ ಮನಸ್ಸಿನ ದುಡುಕು ಅಂತ ಅವರ ಲೆಕ್ಕ ತೋರಿಸಿತು. ಅಮಲು ಇಳಿದಿದೆ, ಈಗ ಬೈಕ್ ಓಡಿಸಬಹುದು ಅಂದುಕೊಳ್ಳುವ ಮಕ್ಕಳು ಇದನ್ನು ಓದಬೇಕು.

ಒಂದು ಮಾತು ಸೇರಿಸಬೇಕು. ಡುನೆಡಿನ್‌ನವರು ಹದಿಹರೆಯದಲ್ಲಿ ಸೇದಿದ್ದು 1980ರ ದಶಕದ ಕೊನೆಯ ಮಾಲು. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಸುಮಾರು ನೂರಕ್ಕೆ 4 ಇತ್ತು, 2014ಕ್ಕೆ ಸುಮಾರು 12. ಡುನೆಡಿನ್‌ನ ಅಂಕಗಳು ಇವತ್ತಿನ ಮಕ್ಕಳಿಗೆ ಹಾಗೇ ಹೊಂದುತ್ತವೆ ಅಂದುಕೊಂಡು ಧೈರ್ಯ ತಂದುಕೊಳ್ಳೋದು ಬೇಡ.

ಮೂವತ್ತೊಂದನೇ ದಿನ

ಅವತ್ತು ಹೊರಡುವ ಮೊದಲು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರ್ ಅವನ ಫೋನಿನಲ್ಲಿ ಹಾಕಿಕೊಟ್ಟೆ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗ ಇದೆ ಅಂತ ಹೇಳಿದೆ. 1985ರ ಮಾದಕ ವಸ್ತು ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಸಣ್ಣ ಪ್ರಮಾಣದ ಪ್ರಕರಣದಲ್ಲಿ, ತಾನಾಗೇ ಬಂದು ಚಿಕಿತ್ಸೆ ತೆಗೆದುಕೊಳ್ಳುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವಂಥದ್ದು. ಚಿಕಿತ್ಸೆ ಕೇಳಿಕೊಂಡು ಹೋದವನನ್ನು ಕಾನೂನು ಕಳ್ಳನ ಹಾಗೆ ನೋಡೋದಿಲ್ಲ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಎಷ್ಟು ಅಪ್ಪ ಅಮ್ಮಂದಿರಿಗೆ ಗೊತ್ತಿದೆ?

ಹನ್ನೊಂದನೇ ದಿನ ಜಾರಿದ. ಸ್ನೇಹಿತನ ಹುಟ್ಟುಹಬ್ಬ. ಮರುದಿನ ಬೆಳಿಗ್ಗೆ ಫೋನ್ ಮಾಡಿ ಅತ್ತ. ನಾನು ಬೈಯಲಿಲ್ಲ. "ಹತ್ತು ದಿನ ಬಿಟ್ಟಿದ್ದೆಯಲ್ಲ, ಅದು ಎಲ್ಲೂ ಹೋಗಿಲ್ಲ, ಮತ್ತೆ ಒಂದರಿಂದ ಎಣಿಸು" ಅಂದೆ. ಆ ಸಲ ಅಮ್ಮನಿಗೂ ಹೇಳಿದ. ಅಮ್ಮನೇ ಜೊತೆಗೆ ಡಾಕ್ಟರ್ ಹತ್ತಿರ ಹೋದರು.

ಎರಡನೇ ಎಣಿಕೆಯ 31ನೇ ದಿನ ಮನೆಗೆ ಬಂದ. ಹಳೆಯ ಪಟ್ಟಿ ಅವನಿಗೆ ಪರಿಚಯವಾಗಿಬಿಟ್ಟಿರುತ್ತೆ ಅಂತ ಬೇರೆ 15 ಪದ ಬರೆದೆ. ಐದು ಸಲ ಓದಿದೆ. ಅರ್ಧ ಗಂಟೆ ಬಿಟ್ಟು ಕೇಳಿದಾಗ 11 ಹೇಳಿದ. ಇದು ಪರೀಕ್ಷೆ ಅಲ್ಲ, ನಿದ್ದೆ ಬರುತ್ತಿದೆ, ಎರಡನೇ ಸಲ ಆಗಿದ್ದರಿಂದ ಅಭ್ಯಾಸವೂ ಇದೆ ಅಂತ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಹಾಳೆ ಇಸಿದುಕೊಂಡು ಬಿಟ್ಟುಹೋದ ನಾಲ್ಕು ಯಾವುವು ಅಂತ ಬೆರಳಿಟ್ಟು ಹುಡುಕುತ್ತಿದ್ದ.

ಆಮೇಲೆ ಕೇಳಿದ, "ಮೇಡಂ, ಆ ನ್ಯೂಜಿಲೆಂಡಿನವರ ಲೆಕ್ಕದಲ್ಲಿ ನನ್ನದು ಎಷ್ಟು ಹೋಗಿರಬಹುದು?"

"ನಿನ್ನ 13ನೇ ವಯಸ್ಸಿನ ಐಕ್ಯೂ ಯಾರೂ ಅಳೆದಿಟ್ಟಿಲ್ಲ ಕಣೋ. ಹೋಗಿದೆಯೋ ಇಲ್ಲವೋ ಅಂತ ಯಾರಿಗೂ ಹೇಳೋಕಾಗಲ್ಲ."

"ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಇದೆ."

"ಅದರಿಂದ ಆಗಲ್ಲಪ್ಪ."

ಸ್ವಲ್ಪ ಹೊತ್ತು ಯೋಚಿಸಿದ. ರ‍್ಯಾಕೆಟ್ಟಿನ ಗಟ್ಟು ಸಡಿಲ ಆಗಿದೆ, ಕಟ್ಟಿಸಬೇಕು, ಶನಿವಾರ ಸಂಜೆ ಕೋರ್ಟಿಗೆ ಹೋಗ್ತೀನಿ ಅಂದ. ಗೇಟಿನ ತನಕ ಬಿಟ್ಟು ಬರೋಕೆ ಹೋದೆ. ಬೈಕ್ ತಂದಿರಲಿಲ್ಲ, ಬಸ್ಸಿಗೆ ಬಂದಿದ್ದ.